ಗಿಟಾರಿನ ತಂತಿ

ವಾದ್ಯವನ್ನು ಕೊಳ್ಳುವವರು ಮರವನ್ನು ನೋಡುತ್ತಾರೆ, ಕೆತ್ತನೆಯನ್ನು ನೋಡುತ್ತಾರೆ, ಮೆರುಗನ್ನು ನೋಡುತ್ತಾರೆ. ತಂತಿಯನ್ನು ನೋಡುವವರು ವಿರಳ. ತಂತಿಯೆಂಬುದು ವಾದ್ಯದೊಡನೆ ಹೇಗೂ ಬರತಕ್ಕದ್ದು, ಕಡಿದುಹೋದರೆ ಇನ್ನೊಂದನ್ನು ಕಟ್ಟತಕ್ಕದ್ದು ಎಂಬುದೇ ಲೋಕದ ಸಾಮಾನ್ಯ ಭಾವನೆ. ವೀಣೆ ತಂಬೂರಿಗಳಿರುವ ಮನೆಯವರು ಮಾತ್ರ ಈ ವಿಷಯದಲ್ಲಿ ಕೊಂಚ ಬೇರೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಸೇರಿಸುವ ಒಂದೆಳೆ ನೂಲು ಕೂದಲಷ್ಟು ಅತ್ತಿತ್ತ ಸರಿದರೂ ನಾದವು ಬತ್ತಿಹೋಗುವುದನ್ನು ಅವರು ಕಿವಿಯಾರೆ ಕೇಳಿ ಬಲ್ಲರು. ಆ ನೂಲಿಗೆ ‘ಜೀವ’ ಎಂದೇ ಹೆಸರು. ಮರವು ಎಷ್ಟೇ ಬೆಲೆಯದಾಗಿರಲಿ, ಅದನ್ನು ಮಾತನಾಡಿಸುವ ವಸ್ತು ಇಷ್ಟು ಅಲ್ಪವಾದದ್ದು.

ನಮ್ಮ ಮನೆಗೆ ಗಿಟಾರು ಬಂದದ್ದು ವೀಣೆಯ ಕಾರಣದಿಂದ. ನನ್ನಾಕೆಯು ಮದುವೆಗೆ ಮುಂಚಿನಿಂದಲೂ ವೀಣೆ ನುಡಿಸುತ್ತಿದ್ದವಳು. ಸಭೆಗಳಲ್ಲಿ ನುಡಿಸಿದವಳಲ್ಲ, ಸಂಜೆಯ ದೀಪ ಹಚ್ಚಿದ ಮೇಲೆ ಒಂದು ಗಂಟೆ, ಹಬ್ಬದ ದಿನ ಎರಡು ಗಂಟೆ, ಅಷ್ಟೇ. ಆದರೆ ಮೂವತ್ತು ವರ್ಷಕ್ಕೂ ಮೀರಿ ಆ ಒಂದು ಗಂಟೆ ತಪ್ಪಿದ್ದು ಕಡಮೆ. ಕೆಲವು ವರ್ಷಗಳ ಹಿಂದೆ ಆಕೆಯ ಮಂಡಿಗಳು ಕೈಕೊಟ್ಟವು. ಚಕ್ಕಳಮಕ್ಕಳ ಹಾಕಿ ಕುಳಿತರೆ ಏಳಲಾಗದು; ಎದ್ದರೆ ಮರುದಿನವೆಲ್ಲ ನೋವು. ಬಳಿಕ ಬೆರಳಿನ ಗಿಣ್ಣುಗಳಿಗೂ ವಾತವು ಹತ್ತಿತು. ವೀಣೆಯನ್ನು ಮೇಜಿನ ಮೇಲಿಟ್ಟು ನೋಡಿದೆವು, ಎತ್ತರ ಹೊಂದಲಿಲ್ಲ. ಕಡೆಗೆ ಒಂದು ದಿನ ಆಕೆಯೇ ಅದಕ್ಕೆ ಗವಸು ಹಾಕಿ ಮೂಲೆಯಲ್ಲಿ ನಿಲ್ಲಿಸಿದಳು. ಒಂದು ಮಾತನ್ನೂ ಆಡಲಿಲ್ಲ. ಸಂಜೆಯ ಆ ಒಂದು ಗಂಟೆಯಲ್ಲಿ ಮನೆ ಎಷ್ಟು ದೊಡ್ಡದಾಗಿ ತೋರತೊಡಗಿತೆಂಬುದನ್ನು ನಾನು ವರ್ಣಿಸಲಾರೆ.

ಹೊರದೇಶದಲ್ಲಿ ಉದ್ಯೋಗದಲ್ಲಿರುವ ಮಗನು ರಜೆಗೆ ಬಂದಾಗ ಒಂದು ಪೆಟ್ಟಿಗೆಯನ್ನು ಹೊತ್ತು ತಂದ. ಒಳಗೆ ಒಂದು ಪುಟ್ಟ ಗಿಟಾರು. “ಕುರ್ಚಿಯ ಮೇಲೆ ಕೂತು ನುಡಿಸಬಹುದಮ್ಮ, ನೆಲದ ಮೇಲೆ ಕೂರಬೇಕಾಗಿಲ್ಲ” ಎಂದ. ಆಕೆ ಅದನ್ನು ಮಗುವನ್ನೆತ್ತಿಕೊಳ್ಳುವಂತೆ ಎತ್ತಿಕೊಂಡು, “ಇದಕ್ಕೆ ಕೊಡವೇ ಇಲ್ಲವಲ್ಲೋ” ಎಂದು ನಕ್ಕಳು.

ವಾದ್ಯವು ಹೊಸದು, ಮಾದರಿ ಮಾತ್ರ ಹಳೆಯದು. ಇಂದಿನ ಅಂಗಡಿಗಳಲ್ಲಿ ತೂಗಾಡುವ ದೊಡ್ಡ ಹೊಟ್ಟೆಯ ಗಿಟಾರುಗಳ ಕೆಳಪಾರ್ಶ್ವವು ಹದಿನೈದೂವರೆ ಅಂಗುಲಕ್ಕೂ ಮಿಕ್ಕಿರುತ್ತದೆ, ಇದರದು ಹದಿಮೂರೂವರೆ. ದಂಡಿಯು ಹನ್ನೆರಡನೆಯ ಮೆಟ್ಟಿಲಿನಲ್ಲಿ ಒಡಲನ್ನು ಸೇರುತ್ತದೆ. ಈಗಿನವುಗಳಲ್ಲಿ ಹದಿನಾಲ್ಕನೆಯದರಲ್ಲಿ ಸೇರುವುದು ವಾಡಿಕೆ. ತಲೆಯಲ್ಲಿ ಎರಡು ಸೀಳುಗಂಡಿಗಳಿದ್ದು ಬಿರಡೆಗಳು ಅವುಗಳೊಳಗೆ ಅಡ್ಡಲಾಗಿ ಕುಳಿತಿವೆ. ಇದು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ರೂಪ. ಜರ್ಮನಿಯ ಸ್ಯಾಕ್ಸನಿಯಲ್ಲಿ 1796ರಲ್ಲಿ ಹುಟ್ಟಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಎಂಬ ಕುಶಲಿಯು 1833ರಲ್ಲಿ ನ್ಯೂಯಾರ್ಕಿಗೆ ವಲಸೆ ಹೋಗಿ, ಆ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯದ ನಜರೆತ್ ಎಂಬ ಊರಿನಲ್ಲಿ ನೆಲಸಿ, ಬೆಳೆಸಿದ ಸಂಪ್ರದಾಯಕ್ಕೆ ಸೇರಿದ್ದು. ಮೇಲ್ಹಲಗೆಯು ಸ್ಪ್ರೂಸ್ ಎಂಬ ಶೀತದೇಶದ ಮರ. ದಪ್ಪವು ಮೂರು ಮಿಲಿಮೀಟರಿಗಿಂತ ಕಡಮೆ. ಆ ತೆಳುವಾದ ಹಲಗೆ ಬಾಗದಂತೆ ಒಳಗಡೆ ಎರಡು ಪಟ್ಟಿಗಳನ್ನು ಗುಣಾಕಾರದ ಚಿಹ್ನೆಯಂತೆ ಅಡ್ಡಹಾಯಿಸಿ ಅಂಟಿಸಿರುತ್ತಾರೆ. ಈ ಕ್ರಮವು 1840ರ ದಶಕದಷ್ಟು ಹಳೆಯದು.

ಬೆನ್ನು ಮತ್ತು ಪಕ್ಕಗಳು ಬೀಟೆಯ ಮರ! ಮಗನು ಅದನ್ನು ಆಂಗ್ಲ ಹೆಸರಿನಿಂದ ಹೇಳಿದಾಗ ನನಗೆ ಹೊಳೆಯಲಿಲ್ಲ. ಬೆನ್ನು ತಿರುಗಿಸಿ ಬಣ್ಣವನ್ನೂ ಎಳೆಯನ್ನೂ ನೋಡಿದಾಗ, ಇದು ನಮ್ಮ ಅಜ್ಜನ ಮಂಚದ ಮರವಲ್ಲವೆ ಎನಿಸಿತು. ಅಮೆರಿಕದ ತಯಾರಕರು ಮೊದಲು ಬ್ರೆಜಿಲ್ ದೇಶದ ಜಾತಿಯನ್ನು ಬಳಸುತ್ತಿದ್ದರು. ಅದು ದುರ್ಲಭವಾದಾಗ ಮಾರ್ಟಿನ್ ಸಂಸ್ಥೆಯವರು 1969ರಲ್ಲಿ ನಮ್ಮ ಕಡೆಯ ಬೀಟೆಗೆ ತಿರುಗಿದರು. ಈ ಗಿಟಾರಿನ ಮರವು ಸಹ್ಯಾದ್ರಿಯದೇ ಎಂದು ನಾನು ಪ್ರಮಾಣ ಮಾಡಲಾರೆ. ಜಾವಾದಲ್ಲಿಯೂ ಈ ಜಾತಿಯನ್ನು ಬೆಳೆಸುತ್ತಾರೆ. ಆದರೆ ಜಾತಿಯು ನಮ್ಮದು.

ಇಷ್ಟೆಲ್ಲ ಚೆಲುವಾಗಿದ್ದರೂ ಮೊದಲ ವಾರ ಸಂತೋಷದ್ದಾಗಿರಲಿಲ್ಲ. ಆಕೆ ಹತ್ತು ನಿಮಿಷ ನುಡಿಸುವಳು, ಎಡಗೈಯನ್ನು ಬಿಸಿನೀರಿನಲ್ಲಿ ಅದ್ದುವಳು. ಮೂರನೆಯ ದಿನ, “ವೀಣೆಯ ತಂತಿ ನನ್ನ ಮಾತು ಕೇಳ್ತಿತ್ತು; ಇದು ತನ್ನ ಮಾತು ನಾನು ಕೇಳಲಿ ಅನ್ನುತ್ತೆ” ಎಂದಳು. ನಾಲ್ಕನೆಯ ದಿನ ಅದನ್ನು ಮುಟ್ಟಲಿಲ್ಲ. ಇದಕ್ಕೂ ಗವಸು ಬಿದ್ದೀತೆಂದು ನನಗೆ ಭಯವಾಯಿತು. ಸಂಗೀತಗಾರನಲ್ಲದ ನಾನು ತಂತಿಯ ಶಾಸ್ತ್ರಕ್ಕೆ ಕೈಯಿಟ್ಟದ್ದು ಆ ಭಯದಿಂದಲೇ. ನಿವೃತ್ತನಾದವನಿಗೆ ಪುರಸೊತ್ತಿಗೇನು ಕೊರತೆ!

ಮೊದಲು ತಿಳಿದ ಸಂಗತಿಯೆಂದರೆ ಭಾರದ ಲೆಕ್ಕ. ಗಿಟಾರಿನ ತಂತಿಗಳ ಕಟ್ಟನ್ನು ಮೊದಲನೆಯ ತಂತಿಯ ದಪ್ಪದಿಂದ ಕರೆಯುವುದು ರೂಢಿ. ಒಂದು ಅಂಗುಲವನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 12 ಭಾಗ ದಪ್ಪವಿರುವ ತಂತಿಯಿಂದ ಮೊದಲಾಗುವುದು ಹನ್ನೆರಡರ ಕಟ್ಟು. ಹೀಗೆಯೇ ಹತ್ತರದು, ಹನ್ನೊಂದರದು, ಹದಿಮೂರರದು. ಹನ್ನೆರಡರ ಕಟ್ಟನ್ನು ವಾಡಿಕೆಯ ಶ್ರುತಿಗೆ ಏರಿಸಿದರೆ ಆರು ತಂತಿಗಳೂ ಕೂಡಿ ಸುಮಾರು 74 ಕಿಲೋಗ್ರಾಂ ಬಲದಿಂದ ಎಳೆಯುತ್ತವೆ. ಹದಿಮೂರರದಾದರೆ ಸುಮಾರು 84. ಎಂದರೆ ಮುಕ್ಕಾಲು ಕ್ವಿಂಟಲ್ ಅಕ್ಕಿಯ ಭಾರದಷ್ಟು ಸೆಳೆತವನ್ನು ಆ ಮೂರು ಮಿಲಿಮೀಟರಿನ ಹಲಗೆಯೂ ಅದರ ಒಳಪಟ್ಟಿಗಳೂ ಹಗಲಿರುಳು ತಾಳಿಕೊಂಡಿರಬೇಕು. ನೈಲಾನ್ ತಂತಿಯ ಗಿಟಾರಿನಲ್ಲಿ ಇದು 40ರ ಆಸುಪಾಸು ಮಾತ್ರ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮನೆಯ ಅಟ್ಟದಲ್ಲಿ ಹಳೆಯ ಗಿಟಾರು ಇರುವ ವಾಚಕರು ಕಿವಿಗೊಡಬೇಕು. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಗಿಟಾರಿಗೆ ಉಕ್ಕಿನ ತಂತಿಯನ್ನು ಕಟ್ಟುವ ವಾಡಿಕೆಯಿರಲಿಲ್ಲ. ಮೇಲಿನ ಮೂರು ಕುರಿಯ ಕರುಳಿನಿಂದ ಹೊಸೆದವು; ಕೆಳಗಿನ ಮೂರು ರೇಷ್ಮೆಯ ಎಳೆಗಳ ಮೇಲೆ ಬೆಳ್ಳಿಯ ಲೇಪವುಳ್ಳ ತಾಮ್ರದ ಸರಿಗೆಯನ್ನು ಸುತ್ತಿದವು. 1915ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಮಹಾಪ್ರದರ್ಶನದ ಬಳಿಕ ಹವಾಯಿ ದ್ವೀಪದ ಸಂಗೀತವು ಅಮೆರಿಕದಲ್ಲೆಲ್ಲ ಹಬ್ಬಿ, ಅದರೊಡನೆ ಉಕ್ಕಿನ ತಂತಿಯ ರುಚಿಯೂ ಹಬ್ಬಿತು. 1920ರ ದಶಕದಲ್ಲಿ ತಯಾರಕರು ಅದನ್ನು ತಾಳುವಂತೆ ಒಡಲನ್ನು ಬಲಪಡಿಸಿದರು. ಕರುಳಿಗೆ ಬದಲಾಗಿ ನೈಲಾನ್ ತಂತಿಯು ಬಂದದ್ದು 1940ರ ದಶಕದಲ್ಲಿ, ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ಎಂಬವರ ಪ್ರಯತ್ನದಿಂದ. ಆದುದರಿಂದ ಕರುಳಿಗಾಗಲಿ ನೈಲಾನಿಗಾಗಲಿ ಮಾಡಿದ ಒಡಲಿಗೆ ಉಕ್ಕಿನ ತಂತಿಯನ್ನು ಬಿಗಿದರೆ, ಇಂದಲ್ಲ ನಾಳೆ ಕುದುರೆಯು ಕಿತ್ತುಬರುವುದು, ಇಲ್ಲವೆ ಹಲಗೆ ಉಬ್ಬುವುದು. ಮಗನು ತಂದದ್ದು ರೂಪದಲ್ಲಿ ಮಾತ್ರ ಹಳೆಯದು. ಒಳಪಟ್ಟಿಗಳನ್ನು ಉಕ್ಕಿಗೆ ತಕ್ಕಂತೆ ಮಾಡಿದ್ದರು. ಹಾಗಿದ್ದರೂ ಹಳೆಯ ಪದ್ಧತಿಯಂತೆ ಅವುಗಳನ್ನು ನಡುನಡುವೆ ತೆಳುವಾಗಿ ಕೆತ್ತಿದ್ದುದರಿಂದ, ಹನ್ನೆರಡರ ಕಟ್ಟಿಗಿಂತ ಭಾರವಾದದ್ದನ್ನು ಹಾಕಬಾರದೆಂದು ಜೊತೆಯಲ್ಲಿದ್ದ ಕಾಗದವು ಎಚ್ಚರಿಸಿತ್ತು.

ಪೇಟೆಯ ಅಂಗಡಿಯ ತರುಣನೊಬ್ಬನು, “ಸಣ್ಣ ಗಿಟಾರು ಸಾರ್, ಹದಿಮೂರು ಹಾಕಿ, ಆಗ ನೋಡಿ ಶಬ್ದ” ಎಂದ. ಶಬ್ದವು ಹೆಚ್ಚುವುದು ನಿಜ. ನಮಗೆ ಬೇಕಾಗಿದ್ದದ್ದು ಶಬ್ದವಲ್ಲ. ದಪ್ಪ ತಂತಿಯೇ ಗಂಭೀರವಾದ ಅಭಿರುಚಿಯ ಗುರುತೆಂದು ಭಾವಿಸುವವರು ಬಹಳ ಮಂದಿ. ಗಟ್ಟಿ ಕಾಫಿಯ ವಿಷಯದಲ್ಲಿಯೂ ಇಂಥದೇ ಒಂದು ಜಂಭವುಂಟು.

ತಂತಿಯನ್ನು ಬದಲಿಸುವ ಮೊದಲು ಅದರ ಎತ್ತರವನ್ನು ಸರಿಪಡಿಸಬೇಕೆಂದು ನಿಶ್ಚಯಿಸಿದೆವು. ಮೆಟ್ಟಿಲಿನಿಂದ ತಂತಿ ಎಷ್ಟು ಮೇಲಿದೆಯೋ ಅಷ್ಟು ದೂರ ಬೆರಳು ಅದನ್ನು ತಳ್ಳಬೇಕಷ್ಟೆ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ಅಳೆದಾಗ ಆರನೆಯ ತಂತಿಯ ಕೆಳಗೆ ಮೂರು ಮಿಲಿಮೀಟರಿಗೂ ಹೆಚ್ಚು ತೆರಪಿತ್ತು. ನಮಗೆ ಪರಿಚಿತರಾದ ವೀಣೆ ಮಾಡುವ ಆಚಾರ್ಯರಲ್ಲಿಗೆ ಒಯ್ದೆ. ಅವರು ಕನ್ನಡಕವನ್ನೇರಿಸಿ, ದಂಡಿಯನ್ನು ಬಂದೂಕಿನಂತೆ ಕಣ್ಣಿಗೆ ನೇರ ಹಿಡಿದು ನೋಡಿ, “ಸ್ವಾಮಿ, ವೀಣೆಯಾದರೆ ಮೇಣ ಕಾಯಿಸಿ ಮೆಟ್ಟಿಲು ಮತ್ತೆ ಕೂರಿಸಿಬಿಡ್ತೀನಿ. ಇದರಲ್ಲಿ ಮೆಟ್ಟಿಲನ್ನು ಮರಕ್ಕೇ ಹೊಡೆದಿದಾರೆ. ಇಲ್ಲಿ ನನ್ನ ಕೈ ನಡೆಯೋದಿಲ್ಲ. ಕುದುರೆಯಲ್ಲಿ ಮಾತ್ರ ಏನಾದರೂ ಮಾಡಬಹುದು” ಎಂದರು.

ಗಿಟಾರಿನ ಕುದುರೆಯಲ್ಲಿ ಒಂದು ಸೀಳಿದೆ. ಅದರೊಳಗೆ ಮೂಳೆಯ ಕಿರುಪಟ್ಟಿಯೊಂದು ನಿಂತಿರುತ್ತದೆ. ತಂತಿಗಳು ಅದರ ಮೇಲೆ ಹಾಯುತ್ತವೆ. ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಅರ್ಧ ಮಿಲಿಮೀಟರು ಇಳಿಯಬೇಕಾದರೆ ಈ ಪಟ್ಟಿಯು ಒಂದು ಮಿಲಿಮೀಟರು ಇಳಿಯಬೇಕು. ಆಚಾರ್ಯರು ಮೂಲದ ಪಟ್ಟಿಯನ್ನು ಉಜ್ಜಲಿಲ್ಲ. “ಅದು ಹಾಗೇ ಇರಲಿ” ಎಂದು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಹೊಸದೊಂದನ್ನು ಮಾಡಿದರು; ಎರಡು ದಿನ ಹಿಡಿಯಿತು. (ಮೂಳೆ ಬೇಡವೆನ್ನುವವರಿಗೆ ಕೃತಕ ದ್ರವ್ಯದ ಪಟ್ಟಿಗಳೂ ದೊರೆಯುತ್ತವೆ.) ಮೇಲ್ತುದಿಯ ಪಟ್ಟಿಯ ಗೀರುಗಳನ್ನೂ ಪರೀಕ್ಷಿಸಿದರು: ಮೂರನೆಯ ಮೆಟ್ಟಿಲಿನಲ್ಲಿ ತಂತಿಯನ್ನೊತ್ತಿದಾಗ ಮೊದಲನೆಯ ಮೆಟ್ಟಿಲಿನ ಮೇಲೆ ಕಾಗದದ ಎಳೆಯಷ್ಟು ತೆರಪು ಉಳಿದಿರಬೇಕು. ಅದು ಸರಿಯಾಗಿಯೇ ಇತ್ತು. ದಂಡಿಯೊಳಗೆ ಬಾಗನ್ನು ತಿದ್ದುವ ಉಕ್ಕಿನ ಕಂಬಿಯೊಂದಿದೆ. ಗಿಬ್ಸನ್ ಸಂಸ್ಥೆಯವರಿಗೆ 1923ರಲ್ಲಿ ಅದರ ಹಕ್ಕುಪತ್ರ ದೊರೆಯಿತು. ಅದನ್ನು ನಾವು ಮುಟ್ಟಲಿಲ್ಲ, ಅಗತ್ಯ ಬೀಳಲಿಲ್ಲ.

ಈ ನಡುವೆ ಮಗನಿಂದ ಇನ್ನೊಂದು ಸಲಹೆ ಬಂತು. ಮೆಟ್ಟಿಲು ಮೆಟ್ಟಿಲಿನ ನಡುವಣ ಮರವನ್ನು ತೊಟ್ಟಿಯಂತೆ ಒಳಕ್ಕೆ ಕೆತ್ತಿಸಿದರೆ ಬೆರಳು ಮರಕ್ಕೆ ತಗಲದು, ತಂತಿಯನ್ನು ಎಳೆದು ಗಮಕ ತೆಗೆಯುವುದು ಸುಲಭ. ಇದು ಹುಚ್ಚು ಮಾತಲ್ಲ. ಡಾಕ್ಟರ್ ಎಸ್. ರಾಮನಾಥನ್ ಅವರಲ್ಲಿ ವೀಣೆಯನ್ನು ಅಭ್ಯಾಸಮಾಡಿದ ಜಾನ್ ಮೆಕ್ಲಾಫ್ಲಿನ್ ಎಂಬ ಆಂಗ್ಲ ಸಂಗೀತಗಾರರು 1970ರ ದಶಕದಲ್ಲಿ ‘ಶಕ್ತಿ’ ಎಂಬ ಮೇಳದಲ್ಲಿ ನುಡಿಸಿದ್ದು ಇಂತಹ ಕೆತ್ತಿದ ದಂಡಿಯ ಗಿಟಾರನ್ನೇ; ಅದಕ್ಕೆ ಅನುರಣನದ ತಂತಿಗಳನ್ನೂ ಅಡ್ಡಲಾಗಿ ಕಟ್ಟಿಸಿದ್ದರು. ನನಗೆ ಈ ಸಲಹೆಯು ಬಹಳ ಹಿಡಿಸಿತು. ನನ್ನಾಕೆ ಒಪ್ಪಲಿಲ್ಲ.

“ಆಮೇಲೆ ಬೇಡ ಅನ್ನಿಸಿದರೆ ಆ ಮರ ಮತ್ತೆ ತುಂಬುತ್ತದೆಯೇ?” ಎಂದಳು.

“ತುಂಬುವುದಿಲ್ಲ.”

“ಈ ವರ್ಷದ ನನ್ನ ಕೈಗೆ ಅಂತ ಕೆತ್ತಿಸ್ತೀರಿ. ಬರುವ ವರ್ಷದ ಕೈ ಹೇಗಿರುತ್ತೋ! ಅದಕ್ಕೆ ಮತ್ತೆ ಕೆತ್ತಿಸ್ತೀರಾ? ಮೊಮ್ಮಗಳು ನುಡಿಸೋ ಹೊತ್ತಿಗೆ ಬರೀ ತೊಟ್ಟಿ ಉಳಿದಿರುತ್ತೆ. ತಂತಿ ಬದಲಾಯಿಸಿ; ಅದಾದರೆ ಕಟ್ಟಬಹುದು, ಬಿಚ್ಚಬಹುದು.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬರುವ ವರ್ಷದ ಕೈಯ ವಿಷಯವನ್ನು ಆಕೆ ಅಷ್ಟು ಸಹಜವಾಗಿ ಆಡಿದ್ದು ಮಾತ್ರ ಬಹಳ ಹೊತ್ತು ಮನಸ್ಸಿನಲ್ಲಿ ಉಳಿಯಿತು.

ಇನ್ನು ತಂತಿಯ ಲೋಹದ ಪುರಾಣ. ಮೇಲಿನ ಎರಡು ತಂತಿಗಳು ಬರಿಯ ಉಕ್ಕು. ಉಳಿದ ನಾಲ್ಕು ಉಕ್ಕಿನ ನಡುವೆಳೆಯ ಮೇಲೆ ಬೇರೆ ಲೋಹದ ಸರಿಗೆಯನ್ನು ಸುತ್ತಿದವು. ಈ ಸುತ್ತಿನ ಲೋಹದಲ್ಲಿಯೇ ಧ್ವನಿಯ ಬಣ್ಣವಿದೆ. 80-20 ಕಂಚು ಎಂಬುದೊಂದು ಬಗೆ, 1930ರ ದಶಕದಿಂದ ಬಂದದ್ದು. ಅದರಲ್ಲಿ ನೂರಕ್ಕೆ 80 ಪಾಲು ತಾಮ್ರ, 20 ಪಾಲು ಸತು. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು ಎಂಬುದನ್ನು ನಮ್ಮ ಪಾತ್ರೆಯಂಗಡಿಯ ಹುಡುಗನೂ ಬಲ್ಲ. ದೊಡ್ಡ ದೊಡ್ಡ ತಯಾರಕರು ಮಾತ್ರ ಹಿತ್ತಾಳೆಯನ್ನು ಕಂಚೆಂದು ಕರೆಯುತ್ತ ಬಂದಿದ್ದಾರೆ. ನಿಜವಾದ ಕಂಚು, ಎಂದರೆ ಸುಮಾರು 92 ಪಾಲು ತಾಮ್ರಕ್ಕೆ 8 ಪಾಲು ತವರವೂ ಚಿಟಿಕೆಯಷ್ಟು ರಂಜಕವೂ ಸೇರಿದ ಫಾಸ್ಫರ್ ಬ್ರಾಂಜ್, ಗಿಟಾರಿಗೆ ಬಂದದ್ದು 1974ರಲ್ಲಿ, ಡಿ’ಆಡಾರಿಯೊ ಸಂಸ್ಥೆಯಿಂದ. ಹಿತ್ತಾಳೆಯದು ಹೊಸತರಲ್ಲಿ ಗೆಜ್ಜೆಯಂತೆ ಮಿನುಗುತ್ತದೆ, ಬೇಗ ಮಂಕಾಗುತ್ತದೆ; ಕಂಚಿನದು ಕೊಂಚ ಮೆತ್ತಗೆ, ಬಾಳಿಕೆ ಹೆಚ್ಚು. ನಿಕ್ಕಲ್ ಮತ್ತು ತಾಮ್ರ ಬೆರೆತ ಮೊನೆಲ್ ಎಂಬ ಮೂರನೆಯದೂ ಉಂಟು. ಅದರ ಧ್ವನಿಯು ಒಣಗಿದ ಮಾತಿನಂತೆ, ಅಲಂಕಾರವಿಲ್ಲದ್ದು. ಹಳೆಯ ಧ್ವನಿಮುದ್ರಿಕೆಗಳನ್ನು ಪ್ರೀತಿಸುವವರು ಅದನ್ನು ಬಯಸುತ್ತಾರೆ.

ನಾವು ಮೊದಲು ಕಟ್ಟಿದ್ದು ‘ರೇಷ್ಮೆ-ಉಕ್ಕು’ ಎಂಬ ಬಗೆ. ಉಕ್ಕಿನ ನಡುವೆಳೆಗೂ ಹೊರಸುತ್ತಿಗೂ ನಡುವೆ ರೇಷ್ಮೆಯ ಎಳೆಗಳಿರುವುದರಿಂದ ಸೆಳೆತವು ತೀರ ಕಡಮೆ. ಆರೂ ಕೂಡಿ 55 ಕಿಲೋಗ್ರಾಮಿನ ಆಸುಪಾಸು. ಬೆರಳಿಗೆ ಬೆಣ್ಣೆ. ನಾನು ಗೆದ್ದೆನೆಂದುಕೊಂಡೆ. ಆಕೆ ಎರಡು ದಿನ ನುಡಿಸಿ, “ನೋವಿಲ್ಲ, ನಿಜ. ಆದರೆ ಹೊದಿಕೆ ಹೊದ್ದುಕೊಂಡು ಮಾತಾಡಿದ ಹಾಗಿದೆ. ಮೀಟಿದ ಸ್ವರ ನಿಲ್ಲೋದೇ ಇಲ್ಲ” ಎಂದಳು. ವೀಣೆಯಲ್ಲಿ ಒಂದು ಮೀಟಿನ ಮೇಲೆ ನಾಲ್ಕು ಸ್ವರಗಳನ್ನು ಎಳೆದು ತೋರಿಸಿದ ಕಿವಿಗೆ, ಬೇಗ ಅಡಗುವ ನಾದವು ಸಾಲದು. ಹಾಡುಗಾರಿಕೆಗೆ ಹಿನ್ನೆಲೆಯಾಗಿ ಮೆಲ್ಲನೆ ನುಡಿಸುವವರಿಗೆ ಅದು ಬಹಳ ಒಳ್ಳೆಯ ತಂತಿಯೇ.

ಎರಡನೆಯದು ಹತ್ತರ ಹಿತ್ತಾಳೆಯ ಕಟ್ಟು. ಇದರಲ್ಲಿ ನಾದವು ನಿಂತಿತು, ಬೆರಳೂ ಒಪ್ಪಿತು. ಆದರೆ ಕೆಳಗಿನ ತಂತಿಗಳು ಹಗುರವಾಗಿ ಮೆಟ್ಟಿಲಿಗೆ ತಾಗಿ ಝರ್ರೆನ್ನತೊಡಗಿದವು. ಅದಕ್ಕೆ ಕಾರಣವು ಶ್ರುತಿಯಲ್ಲಿತ್ತು. ಗಿಟಾರಿನ ವಾಡಿಕೆಯ ಶ್ರುತಿಯಲ್ಲಿ ಆಕೆಗೆ ಷಡ್ಜವೂ ಇಲ್ಲ, ಪಂಚಮವೂ ಇಲ್ಲ; ಎಲ್ಲ ಅಪರಿಚಿತರ ಮುಖಗಳು. ಮೊದಲನೆಯ, ಎರಡನೆಯ ಮತ್ತು ಆರನೆಯ ತಂತಿಗಳನ್ನು ಎರಡೆರಡು ಮನೆಗಳಷ್ಟು ಇಳಿಸಿದರೆ, ಆರನೆಯದರಿಂದ ಹಿಡಿದು ಸ ಪ ಸ ಮ ಪ ಸ ಎಂದಾಗುತ್ತದೆ. ಇಂಗ್ಲೆಂಡಿನ ಡೇವಿ ಗ್ರಹಾಮ್ ಎಂಬ ವಾದಕರು 1960ರ ದಶಕದ ಮೊದಲಲ್ಲಿ ಈ ಶ್ರುತಿಯನ್ನು ರೂಢಿಗೆ ತಂದರು. “ನಡುವೆ ಈ ಮಧ್ಯಮವೊಬ್ಬರು ಯಾಕೆ ಬಂದು ಕೂತರು?” ಎಂದು ಆಕೆ ಮೊದಲು ಗೊಣಗಿದಳು, ಆಮೇಲೆ ಎರಡನೆಯ ಮೆಟ್ಟಿಲಿನಲ್ಲಿ ಬೆರಳಿಟ್ಟು ಅದನ್ನೂ ಪಂಚಮ ಮಾಡಿಕೊಂಡಳು.

ಶ್ರುತಿಯನ್ನು ಇಳಿಸಿದ್ದರಿಂದ ದೊರೆತ ಲಾಭವನ್ನು ನಾನು ಲೆಕ್ಕ ಹಾಕಿ ನೋಡಿದೆ. ತಂತಿಯ ಸೆಳೆತವು ಕಂಪನದ ಸಂಖ್ಯೆಯ ವರ್ಗವನ್ನು ಅನುಸರಿಸುತ್ತದೆ. ಎರಡು ಮನೆ ಇಳಿಸಿದರೆ ಐದರಲ್ಲೊಂದು ಪಾಲು ಸೆಳೆತವು ಕಳೆಯುತ್ತದೆ. ಇದರ ಜೊತೆಗೆ ಹಳೆಯ ಮಾದರಿಯ ಈ ಗಿಟಾರಿನಲ್ಲಿ ತಂತಿಯ ನೀಳವು 24.9 ಅಂಗುಲ, ದೊಡ್ಡವುಗಳಲ್ಲಿ 25.4, ಆ ಅರ್ಧ ಅಂಗುಲದಿಂದ ಇನ್ನು ನೂರಕ್ಕೆ ನಾಲ್ಕು ಪಾಲು. ದೊಡ್ಡ ಗಿಟಾರಿನಲ್ಲಿ ಹನ್ನೆರಡರ ಮೊದಲನೆಯ ತಂತಿಯು ಹತ್ತೂವರೆ ಕಿಲೋಗ್ರಾಂ ಎಳೆಯುವಲ್ಲಿ, ಇಲ್ಲಿ ಹನ್ನೊಂದರ ತಂತಿಯು ಇಳಿಸಿದ ಶ್ರುತಿಯಲ್ಲಿ ಏಳಕ್ಕಿಂತ ಕೊಂಚ ಕಡಮೆ ಎಳೆಯುತ್ತದೆ. ಮೂರರಲ್ಲೊಂದು ಪಾಲು ನೋವು ಕಾಗದದ ಮೇಲೆಯೇ ಇಳಿಯಿತು!

ಆದುದರಿಂದ ಮೂರನೆಯ ಸಲ ತರಿಸಿದ್ದು ಹನ್ನೊಂದರಿಂದ 52ರವರೆಗಿನ ಫಾಸ್ಫರ್ ಬ್ರಾಂಜ್ ಕಟ್ಟು. ಇದರ ಗುಟ್ಟೆಂದರೆ ಮೇಲಿನ ಮೂರು ತಂತಿಗಳು ಹಗುರ, 11, 15, 22. ಕೆಳಗಿನ ಮೂರು ಹೆಚ್ಚುಕಡಮೆ ಹನ್ನೆರಡರ ಕಟ್ಟಿನವೇ, 32, 42, 52. ರಾಗವನ್ನು ನುಡಿಸುವ ತಂತಿಗಳು ಬೆರಳಿಗೆ ಮಣಿಯುತ್ತವೆ. ಷಡ್ಜ ಪಂಚಮಗಳನ್ನು ಹಿಡಿದಿರುವ ತಂತಿಗಳು ಇಳಿದ ಶ್ರುತಿಯಲ್ಲಿಯೂ ಸಡಿಲವಾಗವು. ಅದನ್ನು ಕಟ್ಟಿದ ಸಂಜೆ ಆಕೆ ಮೋಹನದ ಆರೋಹಣವನ್ನು ನುಡಿಸಿ, ಗಾಂಧಾರದ ಮೇಲೆ ನಿಂತು, ತಂತಿಯನ್ನು ಪಕ್ಕಕ್ಕೆಳೆದಳು. ಸ್ವರವು ಏರಿತು. ಎರಡು ಮನೆಯಷ್ಟು, ಅದಕ್ಕಿಂತ ಮೇಲೆ ಹೋಗಲಿಲ್ಲ. ವೀಣೆಯಲ್ಲಿ ಅದರ ಎರಡರಷ್ಟು ಹೋಗುತ್ತಿತ್ತು. “ಇಷ್ಟಾದರೂ ಬಂತಲ್ಲ” ಎಂದು ಅಂದು ಇಪ್ಪತ್ತು ನಿಮಿಷ ನುಡಿಸಿದಳು. ಬಿಸಿನೀರು ಕೇಳಲಿಲ್ಲ.

ಅಂದಿನಿಂದ ತಂತಿಯನ್ನು ಬದಲಿಸುವ ಕೆಲಸ ನನ್ನದು. ಎರಡು ತಿಂಗಳಿಗೊಮ್ಮೆ ಬದಲಿಸುತ್ತೇನೆ. ಆರನ್ನೂ ಒಮ್ಮೆಗೆ ಬಿಚ್ಚಿ ಮರವನ್ನು ಒರಸುವವರಿದ್ದಾರೆ. ನಾನು ಒಂದೊಂದಾಗಿ ಬಿಚ್ಚಿ ಕಟ್ಟುತ್ತೇನೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರಸಿಟ್ಟರೆ ತಂತಿಯ ಆಯುಸ್ಸು ಹೆಚ್ಚುತ್ತದೆ. ಬೆರಳಿನ ಬೆವರೇ ಅದರ ಶತ್ರು. ಹವೆಯ ವಿಷಯವೂ ಒಂದಿದೆ. ಜುಲೈ ತಿಂಗಳ ಮಳೆಯಲ್ಲಿ ಮೇಲ್ಹಲಗೆಯು ನೀರು ಕುಡಿದು ಉಬ್ಬಿ ತಂತಿಗಳು ಮೇಲೇರುತ್ತವೆ; ಮಾರ್ಚಿಯಲ್ಲಿ ಒಣಗಿ ಕುಗ್ಗಿ ತಂತಿಗಳು ಇಳಿಯುತ್ತವೆ. ಅದಕ್ಕಾಗಿ ಆಚಾರ್ಯರು ಇನ್ನೊಂದು ಪಟ್ಟಿಯನ್ನು ಮಾಡಿಕೊಟ್ಟಿದ್ದಾರೆ, ಕೂದಲಷ್ಟು ತಗ್ಗಿನದು. ಅದರ ಮೇಲೆ ಸೀಸದ ಕಡ್ಡಿಯಿಂದ ‘ಮಳೆ’ ಎಂದು ಬರೆದಿದ್ದೇನೆ. ಬೇಸಗೆಯಲ್ಲಿ ಪೆಟ್ಟಿಗೆಯೊಳಗೆ ಒದ್ದೆಯ ಸ್ಪಂಜನ್ನು ರಂಧ್ರವಿರುವ ಡಬ್ಬಿಯಲ್ಲಿಟ್ಟು ಮುಚ್ಚುತ್ತೇವೆ. ತೇವದ ಮಾಪಕವು ನೂರಕ್ಕೆ 45ರಿಂದ 55ರ ಒಳಗೆ ತೋರಿಸುತ್ತಿದ್ದರೆ ನಿಶ್ಚಿಂತೆ.

ವೀಣೆಯು ಅದೇ ಮೂಲೆಯಲ್ಲಿದೆ. ಶುಕ್ರವಾರ ಆಕೆ ಗವಸು ತೆಗೆದು, ಕುರ್ಚಿಯಲ್ಲಿ ಕುಳಿತೇ ಬಗ್ಗಿ, ಅದರ ಬಿರಡೆಗಳನ್ನು ತಿರುಗಿಸಿ ಶ್ರುತಿ ಸೇರಿಸಿಡುತ್ತಾಳೆ. ಆಮೇಲೆ ಗಿಟಾರನ್ನು ತೊಡೆಯ ಮೇಲೆ ತೆಗೆದುಕೊಳ್ಳುತ್ತಾಳೆ. ಇವೆರಡರ ಷಡ್ಜವೂ ಈಗ ಒಂದೇ. ಗಿಟಾರನ್ನು ಮೀಟಿದಾಗ ಮೂಲೆಯಲ್ಲಿರುವ ವೀಣೆಯ ತಂತಿಗಳು ತಾವಾಗಿಯೇ ಮೆಲ್ಲಗೆ ಗುನುಗುತ್ತವೆ. ಕಳೆದ ತಿಂಗಳು ಎಡಗೈಯ ಕಿರುಬೆರಳು ಮತ್ತೆ ಬಿಗಿಯಿತು. ಹತ್ತರ ಫಾಸ್ಫರ್ ಬ್ರಾಂಜ್ ಕಟ್ಟೊಂದನ್ನು ತರಿಸಿ ಕಪಾಟಿನಲ್ಲಿಟ್ಟಿದ್ದೇನೆ. ಆಕೆ ಅದನ್ನು ನೋಡಿದ್ದಾಳೆ. “ಸಂಕ್ರಾಂತಿ ಕಳೀಲಿ, ಆಮೇಲೆ ನೋಡೋಣ” ಎಂದಿದ್ದಾಳೆ.